ಕೈಯಿಂದ ಎರಡು, ಮೇಜಿನಿಂದ ಮೂರು: ನಾನು ಒಮಾಹಾ ಪೋಕರ್ ಕಲಿತದ್ದು

ಆಟೀನ್ ಎಕ್ಕ ನನ್ನ ಕೈಯಲ್ಲಿತ್ತು. ಮೇಜಿನ ಮೇಲೆ ಆಗಲೇ ನಾಲ್ಕು ಆಟೀನ್ ಬಿದ್ದಿದ್ದವು: ರಾಜ, ಒಂಬತ್ತು, ಆರು, ಎರಡು. ಐದನೆಯದು ಕಳಾವರ್ ಗುಲಾಮ. ನನಗಿಂತ ದೊಡ್ಡ ಕಲರ್ (ಒಂದೇ ಜಾತಿಯ ಐದೆಲೆ) ಇನ್ಯಾರ ಹತ್ತಿರ ಇರುತ್ತೆ ಅಂತ ಉಳಿದಿದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿಬಿಟ್ಟೆ. ಎದುರಿಗೆ ಕೂತಿದ್ದ ಅಕ್ಕ ಆಟೀನ್ ನಾಲ್ಕು, ಮೂರು ಇಟ್ಟರು. ನಾನು ನಗುತ್ತಾ ಎಕ್ಕ ಇಟ್ಟೆ.

"ಇನ್ನೊಂದು ಆಟೀನ್ ಎಲ್ಲಪ್ಪಾ?" ಅಂದರು.

ಇನ್ನೊಂದು ಇರಲಿಲ್ಲ. ಉಳಿದದ್ದು ಇಸ್ಪೀಟ್ ಎಕ್ಕ ಮತ್ತು ಎರಡು ಹತ್ತು. "ಹಾಗಾದ್ರೆ ನಿಂದು ಬರೀ ಎಕ್ಕದ ಜೋಡಿ" ಅಂತ ರಾಶಿಯನ್ನೆಲ್ಲ ತಮ್ಮ ಕಡೆ ಎಳೆದುಕೊಂಡರು.

ಇದು ಡಾಲಸ್ ಹತ್ತಿರದ ಒಬ್ಬ ಗೆಳೆಯರ ಮನೆಯಲ್ಲಿ, ಶನಿವಾರ ರಾತ್ರಿ ಊಟ ಆದ ಮೇಲೆ ನಡೆದದ್ದು. ನಾವು ದುಡ್ಡಿಟ್ಟು ಆಡುವುದಿಲ್ಲ. ಸೋತವರು ಪಾತ್ರೆ ತೊಳೆಯಬೇಕು, ಅಷ್ಟೇ. ಅಲ್ಲಿಯವರೆಗೆ ಆಡುತ್ತಿದ್ದದ್ದು ಹೋಲ್ಡೆಮ್, ಪೋಕರ್‌ನದೇ ಇನ್ನೊಂದು ಬಗೆ. ಅದು ಹುಟ್ಟಿದ್ದು ಇದೇ ಟೆಕ್ಸಸ್‌ನ ರಾಬ್ಸ್‌ಟೌನ್‌ನಲ್ಲಿ ಅಂತ ಇಲ್ಲಿನ ಶಾಸನಸಭೆಯೇ 2007ರಲ್ಲಿ ನಿರ್ಣಯ ಮಾಡಿದೆ. ಆ ರಾತ್ರಿ ಯಾರೋ "ಒಮಾಹಾ ಆಡೋಣ, ಅದೇ ಆಟ, ಎರಡು ಎಲೆ ಜಾಸ್ತಿ ಅಷ್ಟೇ" ಅಂದರು. ನಾನು ನಂಬಿದೆ.

ಮೇಲ್ನೋಟಕ್ಕೆ ಹೌದು, ಅದೇ ಆಟ. ಹಂಚುವವರ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಬ್ಲೈಂಡ್, ಅಂದರೆ ಕಡ್ಡಾಯದ ಬಾಜಿ, ಹಾಕಬೇಕು. ನಮ್ಮಲ್ಲಿ ಒಂದು ಮತ್ತು ಎರಡು ಚಿಪ್. ಎಲ್ಲರಿಗೂ ಮುಚ್ಚಿದ ಎಲೆ ಕೊಟ್ಟು ಒಂದು ಸುತ್ತು ಬಾಜಿ. ಆಮೇಲೆ ಮೇಜಿನ ನಡುವೆ ಮೂರು ಎಲೆ ತೆರೆದಿಡುತ್ತಾರೆ, ಅದು ಫ್ಲಾಪ್. ನಾಲ್ಕನೆಯದು ಟರ್ನ್, ಐದನೆಯದು ರಿವರ್. ಪ್ರತಿ ಸಲವೂ ಒಂದು ಸುತ್ತು ಬಾಜಿ. ನಡುವಿನ ಐದು ಎಲೆ ಎಲ್ಲರಿಗೂ ಸೇರಿದ್ದು.

ಹೋಲ್ಡೆಮ್‌ನಲ್ಲಿ ಕೈಗೆ ಎರಡು ಎಲೆ, ಒಮಾಹಾದಲ್ಲಿ ನಾಲ್ಕು. ಆದರೆ ಕೊನೆಗೆ ಲೆಕ್ಕಕ್ಕೆ ಬರುವ ಐದು ಎಲೆಯಲ್ಲಿ ಕೈಯಿಂದ ಎರಡೇ ಇರಬೇಕು, ಮೇಜಿನಿಂದ ಮೂರೇ ಇರಬೇಕು. ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಹೋಲ್ಡೆಮ್‌ನಲ್ಲಿ ಕೈಯಿಂದ ಒಂದೇ ಎಲೆ ಬಳಸಬಹುದು, ಒಂದೂ ಬಳಸದೆ ಇರಬಹುದು. ನನ್ನ ಕಣ್ಣಿಗೆ ಆ ಅಭ್ಯಾಸ ಅಂಟಿಕೊಂಡುಬಿಟ್ಟಿತ್ತು.

ನನಗೆ ಇನ್ನೊಂದು ಹಳೆಯ ರೋಗವೂ ಇತ್ತು: ಮೂರೆಲೆಯ ಆಟ ತೀನ್ ಪತ್ತಿ. ಚಿಕ್ಕವನಿದ್ದಾಗ ದೀಪಾವಳಿಗೆ ಆಡಿ ಆಡಿ, ಸೀಕ್ವೆನ್ಸ್ (ಸಾಲಾಗಿ ಬರುವ ಎಲೆ) ಬಂದರೆ ಕಲರನ್ನು ಹೊಡೆಯುತ್ತೆ ಅನ್ನುವುದು ತಲೆಯಲ್ಲಿ ಕೂತಿದೆ. ಪೋಕರ್‌ನಲ್ಲಿ ಉಲ್ಟಾ, ಕಲರೇ ಮೇಲು. ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ನೆನಪೇ ಉಳಿಯುತ್ತಿರಲಿಲ್ಲ. ಕಾರಣ ತಿಳಿದ ಮೇಲೆ ಮರೆಯಲಿಲ್ಲ. ಮೂರೆಲೆಯಲ್ಲಿ ಬರೀ ಸೀಕ್ವೆನ್ಸ್ 720 ಬಗೆಯಲ್ಲಿ ಬರಬಹುದು, ಬರೀ ಕಲರ್ 1,096 ಬಗೆ. ಐದೆಲೆಗೆ ಹೋದರೆ ಸೀಕ್ವೆನ್ಸ್ 10,200, ಕಲರ್ 5,108. ಅಪರೂಪಕ್ಕೆ ಬರುವುದಕ್ಕೆ ಬೆಲೆ ಜಾಸ್ತಿ, ಅಲ್ವಾ?

ಪಾತ್ರೆ ತೊಳೆದು ಮನೆಗೆ ಬಂದವನು ಮಾರನೆಯ ದಿನದಿಂದ ಒಬ್ಬನೇ ಊಟದ ಮೇಜಿಗೆ ಕೂತೆ. ಒಂದು ಪ್ಯಾಕು, ಚಿಪ್ಸ್ ಬೇಡ. ನನಗೆ ನಾಲ್ಕು ಎಲೆ, ನಡುವೆ ಐದು, ಎಲ್ಲವೂ ತೆರೆದೇ. ಕೈಯ ನಾಲ್ಕರಲ್ಲಿ ಎರಡನ್ನು ಬೆರಳಲ್ಲಿ ತಳ್ಳಿ ಮೇಜಿನ ಮೂರರ ಪಕ್ಕಕ್ಕೆ ಒಯ್ಯುವುದು, ಉಳಿದೆರಡನ್ನು ಬೋರಲು ಹಾಕುವುದು. ನಾಲ್ಕು ಎಲೆಯಿಂದ ಎರಡನ್ನು ಆರು ಬಗೆಯಲ್ಲಿ ಆರಿಸಬಹುದು. ಆರನ್ನೂ ನೋಡಿದ ಮೇಲೆಯೇ ನನ್ನ ಹತ್ತಿರ ಏನಿದೆ ಅಂತ ಬಾಯಿಬಿಟ್ಟು ಹೇಳುತ್ತಿದ್ದೆ. ಬೋರಲು ಹಾಕಿದ್ದೇ ನನಗೆ ಪಾಠ ಕಲಿಸಿದ್ದು. ಕಣ್ಣಿಗೆ ಕಾಣದ ಎಲೆಯನ್ನು ಮನಸ್ಸು ಕದ್ದು ಸೇರಿಸಿಕೊಳ್ಳುವುದಿಲ್ಲ.

ಹಾಗೆ ಕೂತಾಗ ಒಂದು ರಾತ್ರಿ ನಡುವೆ ಎರಡು ರಾಣಿ, ಎರಡು ಐದು, ಒಂದು ಒಂಬತ್ತು ಬಿತ್ತು. ಕೈಯಲ್ಲಿ ರಾಣಿ, ಎಕ್ಕ, ಎಂಟು, ಆರು. "ಮೂರು ರಾಣಿ, ಎರಡು ಐದು, ಫುಲ್ ಹೌಸ್!" ಅಂದೆ. ತಳ್ಳಿ ನೋಡಿದರೆ ಕೈಯಿಂದ ರಾಣಿಯ ಜೊತೆ ಇನ್ನೊಂದು ಎಲೆ ಬರಲೇಬೇಕು, ಮೇಜಿನಿಂದ ಎರಡು ರಾಣಿ ತೆಗೆದ ಮೇಲೆ ಒಂದಕ್ಕೇ ಜಾಗ. ಎರಡನೇ ಐದು ಹೊರಗೇ ಉಳಿಯಿತು. ಬರೀ ಮೂರು ರಾಣಿ. ಅದೇ ಕೈಯಲ್ಲಿ ಎರಡು ಒಂಬತ್ತು ಇದ್ದವರಿಗೆ ಸಲೀಸಾಗಿ ಫುಲ್ ಹೌಸ್.

ಇದರಿಂದಲೇ ಶುರುವಿನ ಎಲೆ ಆರಿಸುವುದೂ ಅರ್ಥವಾಯಿತು. ಮೂರು ಎಕ್ಕ ಬಂದರೆ ಮೊದಲು ಕುಣಿಯುತ್ತಿದ್ದೆ. ಮೂರನೆಯದು ಬಳಕೆಗೆ ಬರುವುದಿಲ್ಲ, ಮೇಲಿಂದ ಮೇಜಿಗೆ ಬೀಳಬೇಕಿದ್ದ ಎಕ್ಕವನ್ನೂ ನಾನೇ ಹಿಡಿದು ಕೂತಂತೆ. ನಾಲ್ಕೂ ಒಂದಕ್ಕೊಂದು ಹೊಂದಬೇಕು. ಒಂಬತ್ತು, ಹತ್ತು, ಗುಲಾಮ, ರಾಣಿ, ಅದರಲ್ಲಿ ಎರಡೆರಡು ಒಂದೇ ಜಾತಿಯವಾದರೆ ನನಗೀಗ ಖುಷಿ. ಎಲ್ಲರಿಗೂ ಎರಡೆಲೆ ಆರಿಸಲು ಆರಾರು ದಾರಿ ಇರುವುದರಿಂದ ಹೋಲ್ಡೆಮ್‌ನಲ್ಲಿ ಗೆಲ್ಲುತ್ತಿದ್ದ ಎರಡು ಜೋಡಿ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.

ಬಾಜಿಯ ಲೆಕ್ಕ ಇನ್ನೊಂದು ತಲೆನೋವು. ಒಮಾಹಾವನ್ನು ಹೆಚ್ಚಾಗಿ ಪಾಟ್ ಲಿಮಿಟ್ ಆಗಿ ಆಡುತ್ತಾರೆ, ಅಂದರೆ ನಡುವೆ ಇರುವ ರಾಶಿಯಷ್ಟೇ ಏರಿಸಬಹುದು. ರಾಶಿಯಲ್ಲಿ 40 ಇದೆ, ನನಗಿಂತ ಮೊದಲಿನವರು 20 ಹಾಕಿದರು ಅನ್ನಿ. ಮೊದಲು ನಾನು ಅವರ 20ಕ್ಕೆ 20 ಸೇರಿಸಿದೆ ಅಂತ ಲೆಕ್ಕ ಹಿಡಿದರೆ ರಾಶಿ 80. ಅದರ ಮೇಲೆ ಇನ್ನು 80 ಏರಿಸಬಹುದು, ಒಟ್ಟು 100. ಅಕ್ಕ ಹೇಳಿಕೊಟ್ಟ ಅಡ್ಡದಾರಿ: ಅವರ ಬಾಜಿಯ ಮೂರರಷ್ಟು, ಜೊತೆಗೆ ಮೊದಲಿದ್ದ ರಾಶಿ. ಮೂರು ಇಪ್ಪತ್ತು ಅರವತ್ತು, ನಲವತ್ತು ಸೇರಿ ನೂರು. ನಾನೀಗಲೂ ಬೆರಳು ಎಣಿಸುತ್ತೇನೆ.

ಹೋದ ತಿಂಗಳಿಂದ ಹೈ-ಲೋ ಶುರುವಾಗಿದೆ. ಅರ್ಧ ರಾಶಿ ದೊಡ್ಡ ಕೈಗೆ, ಅರ್ಧ ಚಿಕ್ಕ ಕೈಗೆ. ಚಿಕ್ಕ ಕೈ ಅಂದರೆ ಎಂಟು ಅಥವಾ ಅದಕ್ಕಿಂತ ಕೆಳಗಿನ ಐದು ಬೇರೆ ಬೇರೆ ಎಲೆ. ಇಲ್ಲಿ ಎಕ್ಕವೂ ಚಿಕ್ಕದೇ. ಮೊನ್ನೆ ಮೂವರು ತಲಾ 40 ಹಾಕಿದ್ದೆವು. ನನ್ನ ಹತ್ತಿರ ಎಕ್ಕ-ಎರಡು, ಅದಕ್ಕಿಂತ ಚಿಕ್ಕ ಕೈ ಆಗುವ ಹಾಗೇ ಇರಲಿಲ್ಲ. ಗೆದ್ದೆ ಅಂತ ಎರಡೂ ಕೈ ಎತ್ತಿದೆ. ಅಕ್ಕನ ಹತ್ತಿರವೂ ಎಕ್ಕ-ಎರಡು, ಹಾಗಾಗಿ ಚಿಕ್ಕ ಕೈಯ ಅರ್ಧ ಇಬ್ಬರಿಗೂ ಹಂಚಿಹೋಯಿತು. ದೊಡ್ಡ ಕೈಯ ಅರ್ಧವೂ ಅವರದೇ. 120ರಲ್ಲಿ ಅವರು 90 ಎಣಿಸಿಕೊಂಡು, ಉಳಿದ 30ನ್ನು ನನ್ನ ಕಡೆ ಸರಿಸಿ, "ಪಾತ್ರೆ ಸೋಪು ಹೊಸದು ತಂದಿದೀನಿ ಕಣಪ್ಪಾ" ಅಂದರು.