ಮೊದಲು ಪಟಾಕಿಯ ಸದ್ದು, ಆಮೇಲೆ ತಿಂಡಿ

ನಮ್ಮ ಮನೆಯ ಕೆಂಚ ಬೀದಿಯಿಂದ ಬಂದ ನಾಯಿ. ಅವನು ಬಂದ ವರ್ಷದ ದೀಪಾವಳಿಯಲ್ಲಿ ಮೂರು ದಿನ ಮಂಚದ ಕೆಳಗಿನಿಂದ ಹೊರಬರಲಿಲ್ಲ. ಅನ್ನ ಮುಟ್ಟಲಿಲ್ಲ, ಮೂತ್ರಕ್ಕೂ ಅಂಗಳಕ್ಕೆ ಇಳಿಯಲಿಲ್ಲ. ಬಿ.ಎಡ್. ವಿದ್ಯಾರ್ಥಿಗಳಿಗೆ ಹಲವು ವರ್ಷಗಳಿಂದ ಮನೋವಿಜ್ಞಾನ ಬೋಧಿಸುತ್ತಿರುವ ನನಗೆ, ತರಗತಿಯಲ್ಲಿ ವಿವರಿಸುವ ಶಾಸ್ತ್ರೀಯ ಅನುಬಂಧನದಿಂದ, ಅಂದರೆ ಒಂದನ್ನು ಇನ್ನೊಂದರೊಡನೆ ಮತ್ತೆಮತ್ತೆ ಜೋಡಿಸಿ ಹೊಸ ಪ್ರತಿಕ್ರಿಯೆ ಕಲಿಸುವ ವಿಧಾನದಿಂದ, ಈ ಜೀವದ ಸಂಕಟ ಕಡಿಮೆಯಾಗಬಹುದೇ ಎಂದು ಪ್ರಯತ್ನಿಸಬೇಕೆನಿಸಿತು.

ನನಗೆ ದಾರಿ ತೋರಿದ್ದು, ಈ ಅನುಬಂಧನವನ್ನು ನಾಯಿಗಳಲ್ಲಿ ತೋರಿಸಿದ ರಷ್ಯಾದ ವಿಜ್ಞಾನಿ ಪಾವ್ಲೋವ್‌ಗಿಂತ ಹೆಚ್ಚಾಗಿ ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್. 1920ರಲ್ಲಿ ಮನೋವಿಜ್ಞಾನಿ ಜಾನ್ ವಾಟ್ಸನ್ ಮತ್ತು ಅವರ ಸಹಾಯಕಿ ರೊಸಾಲಿ ರೇನರ್ ಆಲ್ಬರ್ಟ್ ಎಂಬ ಕೂಸಿಗೆ ಬಿಳಿ ಇಲಿಯ ಭಯವನ್ನು ಕಲಿಸಿದ್ದರು. ಅದನ್ನು ಕಳೆಯುವ ಕೆಲಸ ಮಾತ್ರ ಅಲ್ಲಿ ನಡೆಯಲಿಲ್ಲ. 1924ರಲ್ಲಿ ಜೋನ್ಸ್ ಪ್ರಕಟಿಸಿದ ವರದಿಯಲ್ಲಿರುವ ಪೀಟರ್, ಮೊಲವನ್ನು ಕಂಡರೆ ಹೆದರುತ್ತಿದ್ದ, ಮೂರು ವರ್ಷ ತುಂಬದ ಹುಡುಗ. ಅವನು ತನಗಿಷ್ಟವಾದ ತಿಂಡಿ ತಿನ್ನುವಾಗ, ತಿನ್ನುವುದಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ಮೊಲವನ್ನು ಇಟ್ಟು, ಸ್ವಲ್ಪಸ್ವಲ್ಪವಾಗಿ ಹತ್ತಿರ ತರಲಾಯಿತು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಆ ಹುಡುಗ ಸುಮ್ಮನಿರುವಂತಾದ.

ಯುಗಾದಿ ಕಳೆದ ಮೇಲೆ ಆರಂಭಿಸಿದೆ. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ನನಗೇ ಕಷ್ಟದಿಂದ ಕೇಳುವಷ್ಟು ಸಣ್ಣದಾಗಿ ಇಟ್ಟು, ಬೇಯಿಸಿದ ಕೋಳಿಯ ಲಿವರ್ ಚೂರುಗಳನ್ನು ಕೊಡುತ್ತಿದ್ದೆ. ಮೊದಲ ಎರಡು ವಾರ ಒಂದು ತಪ್ಪು ಮಾಡಿದೆ: ಕೆಂಚ ಸಮಾಧಾನದಿಂದಿರಲಿ ಎಂದು ಮೊದಲು ಲಿವರ್ ಕೊಟ್ಟು, ಅವನು ಜಗಿಯುವಾಗ ಸದ್ದು ಹಾಕುತ್ತಿದ್ದೆ. ಕೆಲವೇ ದಿನಗಳಲ್ಲಿ ಲಿವರ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕಿವಿ ಹಿಂದಕ್ಕೆ ಮಡಿಸಿ ದೂರ ಸರಿಯತೊಡಗಿದ. ಮೊದಲು ಬರುವುದು ಆಮೇಲೆ ಬರುವುದರ ಮುನ್ಸೂಚನೆಯಾಗುತ್ತದೆ ಎಂದು ನಾನೇ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೆ. ಇಲ್ಲಿ ತಿಂಡಿಯೇ ಸದ್ದಿನ ಮುನ್ಸೂಚನೆಯಾಗಿತ್ತು. ಕ್ರಮವನ್ನು ತಿರುಗಿಸಿ, ಸದ್ದು ಕೇಳಿದ ಒಂದೆರಡು ಸೆಕೆಂಡಿನ ಬಳಿಕವೇ ಲಿವರ್ ಕೊಡತೊಡಗಿದೆ. ಬೇರೆ ಹೊತ್ತಿನಲ್ಲಿ ಅವನಿಗೆ ಲಿವರ್ ಸಿಗುತ್ತಿರಲಿಲ್ಲ. ದಿನಕ್ಕೆ ಐದು ನಿಮಿಷ, ಎಂಟು ಹತ್ತು ಸಲ, ಅಷ್ಟೇ. ಅವನು ಆಕಳಿಸಿದರೆ, ಬರಿದೇ ಮೂತಿ ನೆಕ್ಕಿಕೊಂಡರೆ ಅಥವಾ ಚೂರನ್ನು ಬಿಟ್ಟರೆ, ಸದ್ದು ಹೆಚ್ಚಾಯಿತೆಂದು ತಿಳಿದು ಹಿಂದಿನ ಮಟ್ಟಕ್ಕೆ ಇಳಿಸುತ್ತಿದ್ದೆ. ಮೂರನೆಯ ವಾರ ಮುಗಿಯುವ ಹೊತ್ತಿಗೆ ಸದ್ದು ಕೇಳಿದೊಡನೆ ನನ್ನ ಕೈಯನ್ನು ನೋಡಿದ. ಆ ನೋಟಕ್ಕಾಗಿಯೇ ನಾನು ಕಾಯುತ್ತಿದ್ದೆ.

ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂದು ಅಕ್ಕಪಕ್ಕದವರು ಎಚ್ಚರಿಸುತ್ತಿದ್ದರು. ನಾನು ಅದನ್ನು ಒಪ್ಪಲಿಲ್ಲ. ಮನೋವಿಜ್ಞಾನಿ ಸ್ಕಿನ್ನರ್ ಹೇಳಿದ ಪುನರ್ಬಲನವು, ಅಂದರೆ ಪ್ರತಿಫಲ ಸಿಕ್ಕ ವರ್ತನೆ ಹೆಚ್ಚುವುದು, ಪ್ರಾಣಿ ತಾನಾಗಿ ಮಾಡುವ ಕ್ರಿಯೆಗೆ ಸಂಬಂಧಿಸಿದ್ದು. ನಡುಕವೋ ಕೆಂಚ ಪ್ರತಿಫಲಕ್ಕಾಗಿ ಮಾಡುವ ಕೆಲಸವಲ್ಲ. ಬಳಿಗೆ ಬಂದಾಗಲೆಲ್ಲ ಅವನನ್ನು ತೊಡೆಯ ಬಳಿ ಕೂರಿಸಿಕೊಂಡೆ.

ಭಾದ್ರಪದದಲ್ಲಿ ಗಣಪತಿ ಮೆರವಣಿಗೆಯ ಪಟಾಕಿ ನಮ್ಮ ಗೇಟಿನ ಮುಂದೆಯೇ ಸಿಡಿದು, ತಿಂಗಳುಗಟ್ಟಲೆಯ ಕೆಲಸ ಒಂದು ಸಂಜೆಯಲ್ಲಿ ಅಳಿದುಹೋದಂತೆ ಕಂಡಿತು. ಆಗ ಪೀಟರನ ಕಥೆಯ ನಡುಭಾಗ ನೆನಪಾಯಿತು: ಜ್ವರದಿಂದ ಆಸ್ಪತ್ರೆ ಸೇರಿದ್ದ ಆ ಹುಡುಗ ಹೊರಬರುವಾಗ ದೊಡ್ಡ ನಾಯಿಯೊಂದು ಮೈಮೇಲೆ ಎಗರಿ, ಕಡಿಮೆಯಾಗಿದ್ದ ಭಯವೆಲ್ಲ ಮರಳಿತ್ತು, ಜೋನ್ಸ್ ತಿಂಡಿಯ ವಿಧಾನವನ್ನು ಹಿಡಿದದ್ದು ಅದರ ನಂತರ. ನಾನೂ ಮೊಬೈಲಿನ ಅತಿ ಸಣ್ಣ ಸದ್ದಿಗೆ ಹಿಂದಿರುಗಿದೆ. ಈ ಸಲ ಹಳೆಯ ಮಟ್ಟ ತಲುಪಲು ಹತ್ತೇ ದಿನ ಸಾಕಾಯಿತು. ಒಂದೇ ಕೋಣೆಯಲ್ಲಿ ಕಲಿತದ್ದು ಬೇರೆಡೆ ಉಳಿಯುವುದಿಲ್ಲವೆಂದು ಹಿತ್ತಲು, ಜಗಲಿ, ತಾರಸಿಗಳಲ್ಲೂ ಸ್ಪೀಕರ್ ಇಟ್ಟು ಅಭ್ಯಾಸ ಮಾಡಿಸಿದೆ.

ಆ ದೀಪಾವಳಿಯ ನರಕ ಚತುರ್ದಶಿಯ ಬೆಳಗ್ಗೆ ಮೊದಲ ಸಿಡಿತಕ್ಕೆ ಕೆಂಚ ಮಂಚದ ಕೆಳಗೆ ಹೋದ. ಕಾಲು ಗಂಟೆಯಲ್ಲಿ ಹೊರಬಂದು ಲಿವರ್ ತಿಂದ, ಮಧ್ಯಾಹ್ನ ಮಲಗಿದ. ಗುಡುಗಿಗೆ ಈಗಲೂ ನಡುಗುತ್ತಾನೆ. ಮಿಂಚು, ಗಾಳಿ, ನೆಲದ ಕಂಪನ ಇವು ಯಾವುವನ್ನೂ ಸ್ಪೀಕರಿನಿಂದ ತರಲಾಗದು. ಮುಂಗಾರಿಗೆ ಮುನ್ನ ಸದ್ದಿನ ಭಾಗವನ್ನಾದರೂ ಆರಂಭಿಸಬೇಕೆಂದಿದ್ದೇನೆ.