ಇಲ್ಲಗಳ ಪಟ್ಟಿ: ಕಥೆಗೂ ರೋಲ್‌ಪ್ಲೇಗೂ ನಾನು ಮಾಹಿತಿ ಹುಡುಕಿದ್ದು ಹೀಗೆ

ಒಂದು ಕಾಲದಲ್ಲಿ ಏನೇನು ಇರಲಿಲ್ಲ ಎಂಬ ಪಟ್ಟಿ ಹಿಡಿದುಕೊಂಡು ಕಥೆ ಬರೆಯಲಿಕ್ಕಾಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ನಮ್ಮ ತಾಳಮದ್ದಳೆ ಸಂಘದ ಹಿರಿಯ ಅರ್ಥಧಾರಿಯೊಬ್ಬರು (ಪದಕ್ಕೆ ತಕ್ಕಂತೆ ಪಾತ್ರವಾಗಿ ಮಾತಾಡುವವರು) ‘ಭಾವ, ಕಥೆಗೆ ಇಷ್ಟೆಲ್ಲ ಲೆಕ್ಕ ಯಾಕೆ?’ ಎಂದರು. ಒಂದು ಪತ್ರಿಕೆಯವರು ‘ಇದನ್ನೆಲ್ಲ ಓದುಗರು ಗಮನಿಸುವುದಿಲ್ಲ’ ಎಂದು ಕಥೆ ವಾಪಸ್ ಕಳಿಸಿದರು. ಆದರೆ ಈ ಮಳೆಗಾಲ ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ ಜಗಲಿಯಲ್ಲಿ ಅದೇ ಪಟ್ಟಿ ಇಟ್ಟುಕೊಂಡು ನಡೆಸಿದ ರೋಲ್‌ಪ್ಲೇ ಆಟಿ ತಿಂಗಳು ಕಳೆದು ಚೌತಿವರೆಗೂ ಓಡಿತು. ಆರೇಳು ಜನ, ವಾರಕ್ಕೊಂದು ಸಂಜೆ, ಯಾರೂ ಬಿಟ್ಟು ಹೋಗಲಿಲ್ಲ. ಅದೇ ಹಿರಿಯರು ಮೂರನೇ ವಾರದಿಂದ ಮುತ್ತಜ್ಜನ ಪಾತ್ರ ಹಿಡಿದು ಕೂತವರು ಕೊನೆಯವರೆಗೆ ಏಳಲಿಲ್ಲ. ಹಾಗಾಗಿ ಈಗ ಬರೆಯಬಹುದು ಅನ್ನಿಸಿತು.

ರೋಲ್‌ಪ್ಲೇ ಎಂದರೇನು, ಡೈಸ್ ಯಾಕೆ, ಆಟ ನಡೆಸುವವನ ಕೆಲಸ ಏನು ಎಂದು ವಿವರಿಸುವುದಿಲ್ಲ. ನಮ್ಮ ಕಡೆಯವರಿಗೆ ಒಂದು ಮಾತು ಸಾಕು. ವೇಷ ಇಲ್ಲದೆ ಕೂತು, ಎದುರಿನವನು ಏನು ಕೇಳಿದರೂ ಪಾತ್ರದೊಳಗಿಂದಲೇ ಉತ್ತರ ಕೊಡುವುದು ನಮಗೆ ಹೊಸತಲ್ಲ, ತಾಳಮದ್ದಳೆ ಎಂದರೆ ಅದೇ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಭಾಗವತರು ಹಾಡುವ ಪದದ ಜಾಗದಲ್ಲಿ, ಮುಂದೇನು ಎಂದು ಗೊತ್ತು ಮಾಡುವ ಡೈಸ್ (ದಾಳ) ಬಂತು, ಅಷ್ಟೆ.

ನನ್ನ ವಿಧಾನ ಇಷ್ಟು. ಒಂದು ಕಾಲ, ಒಂದು ಊರು ಗೊತ್ತು ಮಾಡಿದ ಮೇಲೆ ಆಗ ಏನೇನಿತ್ತು ಎಂದು ಹುಡುಕಲು ಹೋಗುವುದಿಲ್ಲ. ಏನು ಇರಲಿಲ್ಲ ಎಂದು ಮೊದಲು ಬರೆಯುತ್ತೇನೆ. ಇದ್ದದ್ದನ್ನು ಹುಡುಕಿದರೆ ನೂರು ಪುಟ ಟಿಪ್ಪಣಿ ಆಗುತ್ತದೆ, ಕಥೆ ಆಗುವುದಿಲ್ಲ. ಇಲ್ಲದ್ದನ್ನು ಬರೆದರೆ ಪಾತ್ರಕ್ಕೆ ತಕ್ಷಣ ಒಂದು ಕಷ್ಟ ಬರುತ್ತದೆ. ಕಷ್ಟ ಬಂದರೆ ದೃಶ್ಯ ತಾನಾಗಿ ಹುಟ್ಟುತ್ತದೆ.

ಮೊದಲು ಹಿಡಿದದ್ದು ಬೇಕಲ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿಯುವವರೆಗೆ ಕೆಳದಿಯವರದು. ನನ್ನ ಕಥೆ 1660ರ ದಶಕದ್ದು. ಇಷ್ಟು ದೊಡ್ಡ ಕೋಟೆಯೊಳಗೆ ನಿಂತಿರುವ ಅರಮನೆ ಒಂದೂ ಇಲ್ಲ! ವೀಕ್ಷಣಾ ಬುರುಜು ಇದೆ, ಮೆಟ್ಟಿಲಿರುವ ಕೆರೆ ಇದೆ, ಮದ್ದಿನ ಮನೆ ಇದೆ. ರಾಣಿಯ ಅಂತಃಪುರ ಎನ್ನುವಂಥದ್ದು ಕಣ್ಣಿಗೆ ಬೀಳುವುದಿಲ್ಲ, ಅದು ಮುಖ್ಯವಾಗಿ ಕಾವಲಿನ ಕೋಟೆ. ರಾಣಿಯನ್ನು ಅಲ್ಲಿ ಕೂರಿಸುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಕೂರಿಸಲಿಲ್ಲ. ಬದಲಿಗೆ ಕಾವಲಿನವನೊಬ್ಬನಿಗೆ ರಾತ್ರಿ ಊಟ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡೆ, ಅದರಿಂದಲೇ ಒಂದಿಡೀ ಅಧ್ಯಾಯ ಸಿಕ್ಕಿತು.

ಅದೇ ಪಟ್ಟಿಯಲ್ಲಿ ಹೆಂಚು. ನಮಗೆ ಹಳೆ ಮನೆ ಎಂದರೆ ಮಂಗಳೂರು ಹೆಂಚು ಕಣ್ಣಿಗೆ ಬರುತ್ತದೆ, ಅಲ್ವಾ? ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1860ರ ದಶಕದಲ್ಲಿ. ಅದಕ್ಕಿಂತ ಇನ್ನೂರು ವರ್ಷ ಹಿಂದೆ ಕಳ್ಳ ಮಂಗಳೂರು ಹೆಂಚು ಸರಿಸಿ ಮನೆಗೆ ಇಳಿಯುವಂತಿಲ್ಲ. ಸಾಮಾನ್ಯ ಮನೆಯ ಮಾಡಿಗೆ ಮುಳಿಹುಲ್ಲು ಅಥವಾ ಮಡಲು (ತೆಂಗಿನ ಗರಿ). ಹುಲ್ಲಿನ ಮಾಡು ಸರಿಸಿದರೆ ಧೂಳು ಬೀಳುತ್ತದೆ, ಇಲಿ ಓಡುತ್ತದೆ, ಮಲಗಿದವ ಸೀನುತ್ತಾನೆ. ಆಟದಲ್ಲಿ ಒಬ್ಬ ಹುಡುಗ ಹೆಂಚು ಸರಿಸುತ್ತೇನೆ ಎಂದ. ‘ಹೆಂಚು ಇಲ್ಲ, ಮಡಲು’ ಎಂದೆ. ಐದು ನಿಮಿಷ ಯೋಚಿಸಿ, ಮಳೆ ಜೋರಾಗುವವರೆಗೆ ಕಾಯುತ್ತೇನೆ, ಆ ಸದ್ದಲ್ಲಿ ಇಳಿಯುತ್ತೇನೆ ಎಂದ. ನಾನು ಬರೆದಿಟ್ಟ ಯಾವ ದೃಶ್ಯಕ್ಕಿಂತಲೂ ಅದು ಚೆನ್ನಾಗಿತ್ತು.

ಬೆಂಕಿಕಡ್ಡಿ ಬಂದದ್ದು ಇಂಗ್ಲೆಂಡಿನಲ್ಲಿ 1826ರಲ್ಲಿ, ಜಾನ್ ವಾಕರ್ ಎಂಬ ಔಷಧಿ ಅಂಗಡಿಯವನಿಂದ. ಹಾಗಾದರೆ ನನ್ನ ಕಥೆಯ ಕತ್ತಲಲ್ಲಿ ಚಕಮಕಿ ಕಲ್ಲು ಬೇಕು, ಇಲ್ಲವೇ ಒಲೆಯ ಕೆಂಡ. ಇದನ್ನು ಓದಿ ಬಿಡುವುದಲ್ಲ, ಮಾಡಿ ನೋಡಬೇಕು. ಒಣ ಮಡಲಿನ ಸೂಟೆ ಕಟ್ಟಿ ತೋಟದ ದಾರಿಯಲ್ಲಿ ನಡೆದೆ. ಕೈಯುದ್ದದ ಸೂಟೆ ಹತ್ತು ನಿಮಿಷ ಉರಿದರೆ ಹೆಚ್ಚು, ಬೀಸುತ್ತಾ ಇದ್ದರೆ ಮಾತ್ರ ಬೆಳಕು, ನಿಂತರೆ ಬರೀ ಹೊಗೆ. ಬಟ್ಟೆ ಸುತ್ತಿ ತೆಂಗಿನೆಣ್ಣೆಯಲ್ಲಿ ಅದ್ದಿದ್ದು ಅರ್ಧ ಗಂಟೆ ಹತ್ತಿರ ಬಂತು. ಎಣ್ಣೆ ಕಿಲೋಗೆ ನಾನೂರು ದಾಟಿದ ಸಮಯ ಅದು, ಮನೆಯಲ್ಲಿ ನನಗೆ ಎರಡನೇ ಸಲ ಎಣ್ಣೆ ಸಿಗಲಿಲ್ಲ. ಆದರೆ ಲೆಕ್ಕ ಸಿಕ್ಕಿತು. ಪಾತ್ರ ಒಂದು ಹರದಾರಿ (ಸುಮಾರು ಮೂರು ಮೈಲಿ) ರಾತ್ರಿ ನಡೆಯಬೇಕಾದರೆ ಹೆಗಲಲ್ಲಿ ಸೂಟೆಯ ಕಟ್ಟು ಬೇಕು. ಇಲ್ಲದಿದ್ದರೆ ಬೆಳದಿಂಗಳು ಬೇಕು.

ಬೆಳದಿಂಗಳಿನಲ್ಲಿ ಬರೆಯುವವರೆಲ್ಲ ಉದಾರಿಗಳು. ನಡುರಾತ್ರಿ ಪಶ್ಚಿಮದಲ್ಲಿ ತೆಳು ಚಂದ್ರ ಎಂದು ಬರೆಯುತ್ತಾರೆ. ಆಗುವುದಿಲ್ಲ. ಚೌತಿಯ ಚಂದ್ರ ರಾತ್ರಿ ಒಂಬತ್ತು-ಹತ್ತರ ಹೊತ್ತಿಗೆ ಮುಳುಗುತ್ತಾನೆ. ಶುಕ್ಲ ಅಷ್ಟಮಿಯವ ನಡುರಾತ್ರಿಗೆ ಮುಳುಗುತ್ತಾನೆ, ಬಹುಳ ಅಷ್ಟಮಿಯವ ನಡುರಾತ್ರಿಗೆ ಹುಟ್ಟುತ್ತಾನೆ. ಕೃಷ್ಣಾಷ್ಟಮಿಯ ರಾತ್ರಿ ಅರ್ಘ್ಯ ಕೊಡಲು ನಿದ್ದೆಗಣ್ಣಲ್ಲಿ ಕಾದ ನಮಗೆ ಇದು ಬಾಲ್ಯದಿಂದ ಗೊತ್ತು, ಬರೆಯುವಾಗ ಮಾತ್ರ ಮರೆಯುತ್ತೇವೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತಾನೆ ಎಂಬುದೊಂದು ಇಟ್ಟುಕೊಂಡರೆ ಸಾಕು. ಸಮುದ್ರದ ಉಬ್ಬರವೂ ಹೆಚ್ಚುಕಡಿಮೆ ಅಷ್ಟೇ ತಡವಾಗುತ್ತದೆ, ಹಾಗಾಗಿ ಚಂದ್ರಗಿರಿ ಹೊಳೆ ದಾಟುವ ದೃಶ್ಯಕ್ಕೆ ತಿಥಿ ಬೇಕೇ ಬೇಕು. ಪಂಚಾಂಗ ಯಾಕೆ ಎಂದವರಿಗೆ ಇದೇ ಉತ್ತರ.

ತಾಳೆಗರಿಯಲ್ಲಿ ದುಡ್ಡು ಹೋಯಿತು. ಪಾತ್ರಕ್ಕೆ ಓಲೆ ಬರೆಯಬೇಕಿತ್ತು. ಗರಿ ತರಿಸಿದ್ದು, ಅದರ ಮೇಲೆ ಗೀಚುವ ಮೊಳೆಯಂಥ ಕಂಟ ಮಾಡಿಸಿದ್ದು, ಬಸ್ಸು, ಎಲ್ಲಾ ಸೇರಿ ಎರಡೂವರೆ ಸಾವಿರದ ಮೇಲೆ. ಹಸಿ ಗರಿ ಸುಮ್ನೆ ಒಣಗಿಸಿದ್ದು ಸುರುಟಿ ಹೋಯಿತು. ಅರಿಶಿನ ಹಾಕಿ ಬೇಯಿಸಿ, ನೆರಳಲ್ಲಿ ಒಣಗಿಸಿ, ಭಾರ ಹೇರಿದ್ದು ನಿಂತಿತು, ಅದರಲ್ಲೂ ಕಾಲು ಭಾಗ ಮಳೆಗಾಲದ ಬೂಷ್ಟಿಗೆ ಹೋಯಿತು. ಬರೆದು ನೋಡಿ, ಕಂಟ ಗೀಚಿದ ಅಕ್ಷರ ಕಾಣುವುದೇ ಇಲ್ಲ! ಮಸಿಗೆ ಎಣ್ಣೆ ಬೆರೆಸಿ ಉಜ್ಜಿ ಒರೆಸಿದ ಮೇಲೆ ಒಮ್ಮೆಲೇ ಸಾಲುಗಳು ಎದ್ದು ಬರುತ್ತವೆ. ಇದು ಪುಸ್ತಕಗಳಲ್ಲೂ ಇದೆ, ಆದರೆ ಕೈಯಲ್ಲಿ ಹಿಡಿದಾಗ ಹೊಳೆದದ್ದು ಬೇರೆ. ಮಸಿ ಹಚ್ಚದ ಓಲೆ ಎಂದರೆ ಗುಟ್ಟಿನ ಪತ್ರ. ಕೋಟೆ ಬಾಗಿಲಲ್ಲಿ ಹುಡುಕಿದವನಿಗೆ ಖಾಲಿ ಗರಿ ಕಾಣುತ್ತದೆ. ಆಟದಲ್ಲಿ ನಿಜವಾದ ಗರಿಯನ್ನೇ ಅವರ ಕೈಗೆ ಕೊಟ್ಟೆ, ಒಂದು ಗಂಟೆ ತಿರುಗಿಸಿ ನೋಡಿದರು. ಕೊನೆಗೆ ಹಿರಿಯರೇ ದೀಪದ ಕಪ್ಪು ಬೆರಳಿಗೆ ತೆಗೆದು ಉಜ್ಜಿದರು. ಜಗಲಿಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಆ ಎರಡೂವರೆ ಸಾವಿರ ಅಲ್ಲಿಗೆ ವಸೂಲಾಯಿತು. ಗೀರು ಎಷ್ಟು ಆಳ ಇದ್ದರೆ ಬೆಳಕಿಗೆ ಹಿಡಿದರೂ ಕಾಣುವುದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಮುಂದಿನ ಆಟಕ್ಕೆ ಬೇಕು.

ಎರಡನೇ ಕಥೆ 1907ರದು. ಮಂಗಳೂರಿಗೆ ರೈಲು ಮುಟ್ಟಿದ ವರ್ಷ. ಇಲ್ಲಿ ಇಲ್ಲಗಳು ಕಡಿಮೆ, ಗೊಂದಲ ಜಾಸ್ತಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್‌ನಲ್ಲಿ. ಇದು ಎಲ್ಲರಿಗೂ ಗೊತ್ತು. ನನಗೆ ನಿದ್ದೆ ಕೆಡಿಸಿದ್ದು ಗಡಿಯಾರ. ಇಡೀ ದೇಶಕ್ಕೆ ಒಂದೇ ಸಮಯ ಎಂದು ಮಾಡಿದ್ದು 1906ರ ಜನವರಿ 1ರಂದು. ಅದಕ್ಕೆ ಮೊದಲು ರೈಲಿನವರದು ಮದ್ರಾಸ್ ಸಮಯ. ಕಾಸರಗೋಡು ಇರುವುದು 75 ಡಿಗ್ರಿ ರೇಖಾಂಶದಲ್ಲಿ, ಈಗಿನ ಗಡಿಯಾರ ನಡೆಯುವುದು 82.5ರ ಲೆಕ್ಕದಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ಸೂರ್ಯ ನಮ್ಮ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹನ್ನೆರಡೂವರೆ. ಅದೂ ವರ್ಷವಿಡೀ ಒಂದೇ ಅಲ್ಲ, ಫೆಬ್ರವರಿಯಲ್ಲಿ 12.45ರ ಹತ್ತಿರ, ನವೆಂಬರ್ ಆರಂಭದಲ್ಲಿ 12.15ರ ಹತ್ತಿರ. ಅಂಗಳದಲ್ಲಿ ಕೋಲು ನೆಟ್ಟು ನೋಡಿದ್ದೇನೆ, ಸರಿ ಬರುತ್ತದೆ. ನೆರಳು ಪೂರ್ತಿ ಕಾಲಡಿಗೆ ಸೇರುವುದಂತೂ ನಮ್ಮಲ್ಲಿ ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಒಮ್ಮೆ. ಈಗ ಕಥೆ ನೋಡಿ. ಮುದುಕ ನಡುಹಗಲಿಗೆ ಬಾ ಎನ್ನುತ್ತಾನೆ, ಸ್ಟೇಷನ್ನಿನಲ್ಲಿ ಕೆಲಸಕ್ಕೆ ಸೇರಿದ ಮೊಮ್ಮಗ ಗಡಿಯಾರ ನೋಡಿ ಬಂದು ಅರ್ಧ ಗಂಟೆ ಕಾದು ಸಿಟ್ಟಲ್ಲಿ ವಾಪಸ್ ಹೋಗುತ್ತಾನೆ. ಇಬ್ಬರದೂ ತಪ್ಪಿಲ್ಲ. ಮುತ್ತಜ್ಜನ ಪಾತ್ರ ಹಿಡಿದವರು ಇದರ ಮೇಲೆ ಮುಕ್ಕಾಲು ಗಂಟೆ ಅರ್ಥ ಹೇಳಿದರು. ಪ್ರಸಂಗದಲ್ಲಿ ಇಲ್ಲದ ಪದಕ್ಕೆ ಅಂಥ ಅರ್ಥ ನಾನು ಕೇಳಿರಲಿಲ್ಲ.

ಇದರ ಬೆನ್ನಿಗೆ ಘಳಿಗೆ ಬಟ್ಟಲಿನ ಹುಚ್ಚು ಹಿಡಿಯಿತು. ಕಥೆಗೆ ಬೇಕಿರಲೇ ಇಲ್ಲ, ಆದರೂ ಮಾಡಿದೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಡುವುದು, ಅದು ತುಂಬಿ ಮುಳುಗಿದರೆ ಒಂದು ಘಳಿಗೆ, ಅಂದರೆ 24 ನಿಮಿಷ. ತೆಂಗಿನ ಗೆರಟೆ (ಚಿಪ್ಪು) ವಾಲಿ ವಾಲಿ ಮುಳುಗಿತು, ಲೆಕ್ಕಕ್ಕೆ ಸಿಗಲಿಲ್ಲ. ತೆಳು ತಾಮ್ರದ ಬಟ್ಟಲಿಗೆ ಅಕ್ಕಸಾಲಿಗರಿಂದ ತೂತು ಹಾಕಿಸಿದೆ, ಮುನ್ನೂರು ಮಿಲಿ ಹಿಡಿಯುವ ಬಟ್ಟಲು, ತೂತು ಒಂದು ಮಿಲಿಮೀಟರ್ ಹತ್ತಿರ. ಈಗ 23ರಿಂದ 25 ನಿಮಿಷದೊಳಗೆ ಮುಳುಗುತ್ತದೆ. ಬಾವಿ ನೀರನ್ನು ಸೋಸದಿದ್ದರೆ ಮಣ್ಣಿನ ಕಣ ಸಿಕ್ಕಿ 40 ನಿಮಿಷಕ್ಕೂ ಹೋಗುತ್ತದೆ. ಹಿಂದೆ ಮುಹೂರ್ತಕ್ಕೆ ಬಟ್ಟಲು ಕಾಯಲೆಂದೇ ಒಬ್ಬರನ್ನು ಕೂರಿಸುತ್ತಿದ್ದುದು ಯಾಕೆ ಎಂದು ಅರ್ಥವಾಯಿತು.

ಅದೇ 1907ರ ಕಥೆಯಲ್ಲಿ ಒಬ್ಬ ಸುರಂಗದಲ್ಲಿ ಅಡಗಬೇಕಿತ್ತು. ನಮ್ಮ ಕಡೆ ಗುಡ್ಡದ ಮುರಕಲ್ಲು ಕೊರೆದು ನೀರು ತರುವ ಸುರಂಗಗಳು ಸಾವಿರಗಟ್ಟಲೆ ಇವೆ, ಬಾಯಾರು, ಪಡ್ರೆ, ಶೇಣಿ ಕಡೆ ತೋಟಕ್ಕೊಂದು. ತೆಗೆಯುವ ಕೆಲಸ ಗೊತ್ತಿರುವ ಒಬ್ಬರ ಜೊತೆ ಒಳಗೆ ಹೋದೆ. ಮುಂದೆ ದೀಪ ಹಿಡಿಯುವುದು ಬೆಳಕಿಗಷ್ಟೇ ಅಲ್ಲ, ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂದರ್ಥ, ಹಿಂದೆ ಬರಬೇಕು. ಇಬ್ಬರು ಎದುರುಬದುರಾದರೆ ದಾಟಲು ಜಾಗವಿಲ್ಲ. ಅಲ್ಲಿ ಕತ್ತಿ ಬೀಸುವ ಜಗಳ ನಡೆಯುವುದಿಲ್ಲ. ನನ್ನ ಕಥೆಯಲ್ಲಿ ಅಟ್ಟಿಸಿಕೊಂಡು ಬಂದವರು ಒಳಗೆ ಹೋಗುವುದೇ ಇಲ್ಲ, ಬಾಯಿಯಲ್ಲಿ ಕೂತು ಕಾಯುತ್ತಾರೆ.

ವೈದ್ಯರನ್ನು ಕೇಳಿ ತಿಳಿದ ಎರಡು ಮಾತು, ಬೇಗ ಹೇಳುತ್ತೇನೆ. ತಲೆಗೆ ಹೊಡೆದು ಎರಡು ಗಂಟೆ ಮೂರ್ಛೆ ಹೋದವ ಎದ್ದು ಓಡುವುದಿಲ್ಲ, ಕೆಲವು ನಿಮಿಷಕ್ಕಿಂತ ಹೆಚ್ಚಾದರೆ ಮಿದುಳಿಗೇ ಪೆಟ್ಟು. ನಾಗರಹಾವು ಕಚ್ಚಿದವನ ಬಾಯಲ್ಲಿ ನೊರೆ ಬರಿಸುವ ಮೊದಲು ಕಣ್ಣಿನ ರೆಪ್ಪೆ ಜೋತು ಬೀಳಿಸಿ, ಅದು ಮೊದಲ ಗುರುತುಗಳಲ್ಲಿ ಒಂದು, ಓದುವವರಿಗೆ ನಡುಕ ಬರುತ್ತದೆ.

ದುಡ್ಡಿನ ವಿಷಯ. ಮೊದಲು ನನ್ನ ಖರ್ಚಲ್ಲಿ ಅಚ್ಚು ಹಾಕಿಸಿದ ಮುನ್ನೂರು ಪ್ರತಿಯಲ್ಲಿ ನಲವತ್ತು ಹೋಗಿರಬಹುದು, ಉಳಿದದ್ದು ಅಟ್ಟದಲ್ಲಿದೆ. ಒಬ್ಬ ಪ್ರಕಾಶಕರು ಮೂವತ್ತು ಸಾವಿರ ನೀವೇ ಕೊಡಿ ಎಂದರು. ಗಡಿನಾಡಿನ ಕನ್ನಡ ಪುಸ್ತಕಕ್ಕೆ ಕಾಸರಗೋಡಿನಲ್ಲೂ ಅಂಗಡಿ ಕಡಿಮೆ, ಮಂಗಳೂರಿನವರಿಗೆ ನಾವು ಕೇರಳ. ಈ ಸಲ ದಾರಿ ಬದಲಿಸಿದೆ. ಬೇಕಲದ ಆಟವನ್ನೇ ಇಲ್ಲಗಳ ಪಟ್ಟಿ ಸಮೇತ ನಲವತ್ತು ಪುಟದ ಕಿರುಪುಸ್ತಕ ಮಾಡಿ, ಆಡಲು ಬಂದವರ ಮೂಲಕವೇ ಮಾರಿದೆ. ನೂರು ರೂಪಾಯಿ. ನಾಲ್ಕುನೂರರ ಹತ್ತಿರ ಹೋಗಿದೆ, ಅಚ್ಚಿನ ಖರ್ಚು, ತಾಳೆಗರಿ, ತಾಮ್ರ, ಎಣ್ಣೆ ಎಲ್ಲ ಕಳೆದು ಹದಿನೈದು ಸಾವಿರ ಉಳಿದಿರಬೇಕು. ಹಳೆಯ ಧಾರಣೆ, ಕೂಲಿ ಎಲ್ಲಿಂದ ತೆಗೆದಿರಿ ಎಂದು ತುಂಬಾ ಜನ ಕೇಳುತ್ತಾರೆ. 1801ರಲ್ಲಿ ಇದೇ ದಾರಿಯಲ್ಲಿ ಬೆಳೆ, ಬೆಲೆ ಎಲ್ಲ ವಿಚಾರಿಸುತ್ತಾ ಹೋದ ಫ್ರಾನ್ಸಿಸ್ ಬುಕನನ್ ಬರೆದದ್ದನ್ನು ಓದಿ, ಅಷ್ಟು ಹೇಳಬಲ್ಲೆ. ಇನ್ನೊಂದು ಮೂಲ ನನ್ನ ಹತ್ತಿರವೇ ಇರಲಿ.

ಈಗ ಹಿಡಿದಿರುವುದು 1498ಕ್ಕಿಂತ ಹಿಂದಿನ ಕಾಲ, ವಾಸ್ಕೋ ಡ ಗಾಮನ ಹಡಗು ಕಲ್ಲಿಕೋಟೆಗೆ ಬರುವ ಮೊದಲು. ಇಲ್ಲಗಳ ಪಟ್ಟಿ ಅಡಿಗೆಮನೆಯಲ್ಲೇ ತುಂಬಿ ಹೋಗಿದೆ. ಹಸಿಮೆಣಸು ಇಲ್ಲ, ಒಣಮೆಣಸು ಇಲ್ಲ, ಗೇರು, ಅನಾನಸು, ಪಪ್ಪಾಯಿ, ಪೇರಳೆ, ಬಟಾಟೆ, ಟೊಮೆಟೊ, ನೆಲಗಡಲೆ ಯಾವುದೂ ಇಲ್ಲ, ಹೊಗೆಸೊಪ್ಪು ಸಹ ಇಲ್ಲ. ಎಲೆ ಅಡಕೆ ಸುಣ್ಣ ಇದೆ. ಮನೆಯಲ್ಲಿ ಕಾಳುಮೆಣಸು, ಶುಂಠಿ, ಪುನರ್ಪುಳಿ, ಹಲಸು, ಸುವರ್ಣಗೆಡ್ಡೆಯಲ್ಲೇ ಒಂದು ಊಟ ಮಾಡಿಸಿದೆ. ಖಾರ ನಾಲಿಗೆಗಿಂತ ಗಂಟಲಲ್ಲಿ ಕೂರುತ್ತದೆ, ಮಕ್ಕಳು ಎರಡನೇ ಸಲ ಹಾಕಿಸಿಕೊಂಡರು. ನನಗೆ ಇನ್ನೂ ಸಿಗದೆ ಇರುವುದು ಯಂತ್ರದ ದೋಣಿ ಬರುವ ಮೊದಲು ಚಂದ್ರಗಿರಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ಹೇಗೆ ತಿರುಗಿಸುತ್ತಿದ್ದರು ಎಂಬುದು. ಜಲ್ಲೆ (ದೋಣಿ ನೂಕುವ ಬಿದಿರ ಕೋಲು) ಹಾಕಿದ ಅನುಭವ ಇರುವ ಹಿರಿಯರು ತಳಂಗರೆ, ಕೀಯೂರು ಕಡೆ ಯಾರಾದರೂ ಇದ್ದರೆ ತಿಳಿಸಿ. ಬಸ್ಸಿನ ಖರ್ಚು ನನ್ನದು, ಒಂದು ದಿನದ ಕೂಲಿಯೂ ಕೊಡುತ್ತೇನೆ.