ಡ್ರಮ್ಸ್ ಮುಂದೆ ಕುಳಿತು ಹಾಡು ಬರೆದದ್ದು

ಮಂಡ್ಯ, ಮೈಸೂರುಗಳ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಆರೇಳು ವರ್ಷ ಡ್ರಮ್ಸ್ ನುಡಿಸಿದ ಮೇಲೆ ನಾನು ಬೆಂಗಳೂರಿನ ಸ್ಟುಡಿಯೋಗಳಿಗೆ ಹೋಗತೊಡಗಿದೆ. ವೇದಿಕೆಯ ಮೇಲೆ ಜನರ ಉತ್ಸಾಹಕ್ಕೆ ಲಯ ತುಸು ಓಡಿದರೂ ನಡೆಯುತ್ತದೆ. ಸ್ಟುಡಿಯೋದಲ್ಲಿ ಹೆಡ್‌ಫೋನಿನಲ್ಲಿ ಲಯ ತೋರಿಸುವ ಕ್ಲಿಕ್ ಸದ್ದಿನಿಂದ ಕೂದಲೆಳೆಯಷ್ಟು ಸರಿದರೂ ಮುಂದೆ ಕೂಡಿಸುವ ಬೇಸ್, ಕೀಬೋರ್ಡ್, ಗಾಯನ ಎಲ್ಲವೂ ಸಡಿಲವಾಗುತ್ತವೆ. ಆದ್ದರಿಂದ ಮನೆಯಲ್ಲಿ ರಬ್ಬರ್ ಪ್ಯಾಡಿನ ಮೇಲೆ ನಿಮಿಷಕ್ಕೆ 50 ಬಡಿತದ ನಿಧಾನದಲ್ಲಿಯೇ ಅಭ್ಯಾಸ ಮಾಡಿದೆ. ಬಡಿತಗಳ ನಡುವೆ 1.2 ಸೆಕೆಂಡಿನ ಖಾಲಿ ಜಾಗವಿರುವುದರಿಂದ, ವೇಗದಲ್ಲಿ ಮುಚ್ಚಿಹೋಗುವ ಕೈಯ ಅವಸರ ಅಲ್ಲಿ ಬಯಲಾಗುತ್ತದೆ.

ನುಡಿಸಿದ್ದಕ್ಕೆ ಸಿಗುವುದು ಆ ದಿನದ ಸಂಭಾವನೆ ಮಾತ್ರ. ಸಾಹಿತ್ಯ ಬರೆದವರಿಗಾದರೆ, 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ, ರಾಯಧನದ ಪಾಲು ಕಾನೂನಿನಂತೆ ಉಳಿಯುತ್ತದೆ. ಬರವಣಿಗೆಗೆ ಇಳಿಯಲು ಇದೊಂದು ಕಾರಣ. ಶಾಲೆಯಲ್ಲಿ ಕಲಿತ ಛಂದಸ್ಸು ಇನ್ನೊಂದು, ನನಗೆ ಹೆಚ್ಚು ಪ್ರಿಯವಾದ ಕಾರಣ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಎಣಿಸಿದ ಮೂರು, ನಾಲ್ಕು ಮಾತ್ರೆಗಳ ಗಣಗಳೇ ಮಿಶ್ರಛಾಪು ತಾಳದ ಏಳು ಎಣಿಕೆಗಳಲ್ಲಿಯೂ ಇರುವುದನ್ನು ಕಂಡು, ಪ್ರತಿ ಗಣದ ಮೊದಲ ಮಾತ್ರೆಗೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಇಟ್ಟು ಸಾಲುಗಳನ್ನು ಕಟ್ಟತೊಡಗಿದೆ.

ಆದರೆ ಮಾತ್ರೆ ಕೂಡಿದ ಮಾತ್ರಕ್ಕೆ ಹಾಡು ಕೂಡುವುದಿಲ್ಲ. ನನ್ನ ಮೊದಲ ಹಾಡಿನ ‘ಕೆರೆ ತುಂಬಿದೆ’ ಎಂಬ ಸಾಲಿನ ಮೊದಲ ಅಕ್ಷರ, ಸ್ವರವನ್ನು ಎಳೆಯಬೇಕಾದ ಜಾಗದಲ್ಲಿಯೇ ಬಿದ್ದಿತ್ತು. ಗಾಯಕಿ ರಾಗಕ್ಕೆ ತಕ್ಕಂತೆ ಎಳೆದಾಗ ಅದು ‘ಕೇರೆ’ ಎಂದು, ಹಾವಿನ ಹೆಸರಾಗಿ ಕೇಳಿಸಿತು. ರಾಗ ಹಾಕಿದವರು ಎಳೆತವನ್ನು ಬಿಡಲು ಒಪ್ಪಲಿಲ್ಲ. ಅದು ನ್ಯಾಯವೇ ಆಗಿತ್ತು, ಏಕೆಂದರೆ ಹಾಡಿನ ಜೀವ ಅಲ್ಲಿಯೇ ಇತ್ತು. ನಾನು ಕುಳಿತಲ್ಲಿಯೇ ಡ್ರಮ್ಸ್‌ನ ಜೋಡಿ ತಾಳಗಳಾದ ಹೈ-ಹ್ಯಾಟ್ ಮೇಲೆ ಮೆಲ್ಲಗೆ ತಟ್ಟುತ್ತಾ, ನಮ್ಮ ಗದ್ದೆಗಳಿಗೆ ನೀರುಣಿಸುವ ವಿಶ್ವೇಶ್ವರಯ್ಯ ನಾಲೆಯನ್ನು ನೆನೆದು ‘ನಾಲೆ ತುಂಬಿದೆ’ ಎಂದು ತಿದ್ದಿದೆ. ಒಂದು ಮಾತ್ರೆ ಹೆಚ್ಚಾಯಿತಾದರೂ ಎಳೆತ ಅದನ್ನು ನುಂಗಿಕೊಂಡಿತು. ‘ನಾ’ ಮೊದಲೇ ದೀರ್ಘವಾದ್ದರಿಂದ ಎಷ್ಟು ಎಳೆದರೂ ಅರ್ಥ ಕೆಡಲಿಲ್ಲ.

ಈಗ ರಾಗ ಕೈಗೆ ಬಂದ ಕೂಡಲೇ ಎಳೆತದ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಂಡು, ಅಲ್ಲಿ ದೀರ್ಘಾಕ್ಷರವನ್ನೇ ಇಡುತ್ತೇನೆ. ಒತ್ತಕ್ಷರದ ಹಿಂದಿನ ಗುರು ಅಲ್ಲಿ ಸಾಲದು: ‘ಕಟ್ಟೆ’ಯ ‘ಕ’ ಛಂದಸ್ಸಿಗೆ ಗುರುವಾದರೂ ಹಾಡುವವರ ಬಾಯಲ್ಲಿ ಹ್ರಸ್ವವೇ, ಎಳೆದರೆ ‘ಕಾಟ್ಟೆ’ಯಾಗುತ್ತದೆ.